ಎರಡು ಬಾಗಿಲ ಕೋಟೆ, ಜೋಗವ್ವನ ಕೊಡ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಹೊಳೆದಂಡೆಯ ಒಂದು ರಾಜ್ಯದಲ್ಲಿ ಕೆಂಚವ್ವ ಎಂಬ ಜೋಗವ್ವ ಇದ್ದಳು. ಹುಟ್ಟಿದ್ದು ಗಂಡಾಗಿ. ದೇವಿ ಕರೆದಳೆಂದು ಸೀರೆಯುಟ್ಟು, ದೇವಿಯ ಹಿತ್ತಾಳೆ ಕೊಡ ತಲೆಗೇರಿಸಿಕೊಂಡಳು. ಆ ಕೊಡವನ್ನು ಕೋಟೆಯೊಳಗೆ ಗೋಡೆಗಂಟಿದ ಅವಳ ಮನೆಯ ದೇವರ ಜಗಲಿ ಬಿಟ್ಟು ಬೇರೆಲ್ಲೂ ಇಡುವಂತಿಲ್ಲ. ದಾರಿಯಲ್ಲಿ ಯಾರಾದರೂ ಇಳಿಸಿಕೊಂಡರೆ ಆ ಜಗಲಿಯ ತನಕ ಅವರೇ ಹೊರಬೇಕು. ನೆಲಕ್ಕಿಟ್ಟವರಿಗೆ ಶೂಲ. ಇದು ಅರಸರ ಕಟ್ಟಳೆ.

ಪರದೇಶದಿಂದ ಬಂದ ಹೊಸ ಮಂತ್ರಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಕೆಂಚವ್ವನನ್ನು ಕಂಡರಂತೂ ಮೈಯೆಲ್ಲ ಉರಿ. ಕೋಟೆಗೆ ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಬಾಗಿಲು ಮಾಡಿಸಿ ಡಂಗುರ ಹೊಡೆಸಿದ: ಕೊಡ ಹೊತ್ತವರಿಗೆ ಗಂಡಸರ ಬಾಗಿಲಿಲ್ಲ, ಗಂಡುದನಿಯವರಿಗೆ ಹೆಂಗಸರ ಬಾಗಿಲಿಲ್ಲ.

ಅದೇ ದಿನ ಪಕ್ಕದ ಹಳ್ಳಿಯಲ್ಲಿದ್ದ ಕೆಂಚವ್ವನಿಗೆ ಸುದ್ದಿ ಮುಟ್ಟಿತು. ಮನೆಯಲ್ಲಿ ಸಾಕುಮಗಳು ನಿಂಬೆವ್ವನಿಗೆ ಬೇನೆ ಎದ್ದಿದೆ, ಕೂಸು ಅಡ್ಡ ನಿಂತಿದೆ. ಅಂಥ ಕೂಸನ್ನು ತಿರುಗಿಸುವ ಕೈ ಊರಿಗೆಲ್ಲ ಅವಳದೊಂದೇ. ಎದ್ದೆನೋ ಬಿದ್ದೆನೋ ಎಂದು ಕೋಟೆಗೆ ಬಂದಳು.

ಗಂಡಸರ ಬಾಗಿಲಿಗೆ ಹೋದಳು. "ಕೊಡ ಐತಲ್ಲಬೇ, ಬಿಡಂಗಿಲ್ಲ," ಅಂದ ಕಾವಲಿನವ. ಹೆಂಗಸರ ಬಾಗಿಲಿಗೆ ಹೋದಳು. "ದನಿ ಗಂಡಸರದು, ಬಿಡಂಗಿಲ್ಲ." ನಡುವೆ ನಿಂತಿದ್ದ ಮಂತ್ರಿಯ ಬಳಿ ಹೋದಳು.

"ನೀ ಗಂಡೋ, ಹೆಣ್ಣೋ?"

"ನಾ ಜೋಗವ್ವ ಅದೀನ್ರಿ."

ಮೂರು ಸಲ ಕೇಳಿದ. ಮೂರು ಸಲವೂ ಅದೇ ಮಾತು. ಗೋಡೆಯಾಚೆ ನಿಂಬೆವ್ವ ಚೀರುತ್ತಿದ್ದಳು. ಚೀರಾಟ ಸಣ್ಣದಾಗುತ್ತ ಬಂತು. ಕೆಂಚವ್ವ ತಲೆ ಎತ್ತಿದಳು.

"ಈ ಕೊಡ ಇಳಿಸೋ ಧೈರ್ಯ ನಿಮ್ಮ ಆಳಿಗಿಲ್ಲ. ನಿಮಗೂ ಇದ್ದಂಗಿಲ್ಲ ಬಿಡ್ರಿ."

"ನನಗಾ?" ಎಂದವನೇ ಮಂತ್ರಿ ಕೊಡ ಕಿತ್ತುಕೊಂಡ. ನೆಲಕ್ಕಿಡಲು ಬಾಗಿದ. ಸುತ್ತಲೂ ಕಾವಲಿನವರ ಭರ್ಜಿ ಎದ್ದವು.

"ನೆಲಕ್ಕಿಟ್ರ ಶೂಲ, ಬುದ್ಧಿ. ಜೋಗವ್ವನ ಮನಿತನಕ ನೀವೇ ಹೊರಬೇಕು."

ಗಂಡಸರ ಬಾಗಿಲಿಗೆ ಓಡಿದ. "ಕೊಡ ಐತ್ರಿ, ನಿಮ್ಮದೇ ಅಪ್ಪಣೆ." ಹೆಂಗಸರ ಬಾಗಿಲಿಗೆ ಓಡಿದ. "ದನಿ ಗಂಡಸರದ್ರಿ, ನಿಮ್ಮದೇ ಅಪ್ಪಣೆ." ಕತ್ತು ಕುಸಿಯಿತು, ಬೆವರು ಕಣ್ಣಿಗಿಳಿಯಿತು.

"ಎರಡೂ ತೆಗೀರಿ! ಯಾರು ಎಲ್ಲಿಂದ ಬೇಕಾದ್ರೂ ಬರ್ಲಿ!"

ಅವನ ಬಾಯಿ ಮುಚ್ಚುವುದರೊಳಗೆ ಕೆಂಚವ್ವ ಮನೆ ಸೇರಿದ್ದಳು.

ಮಂತ್ರಿ ಏದುಸಿರು ಬಿಡುತ್ತ ಬಂದು ಕೊಡವನ್ನು ಜಗಲಿಗೆ ಮುಟ್ಟಿಸಿದ. ಒಳಗೆ ಕೂಸು ಕಿರ್ರೆಂದಿತು.

"ಗಂಡೋ, ಹೆಣ್ಣೋ?" ಅಂದ. ಚಾಳಿ ಎಲ್ಲಿ ಹೋದೀತು!

ಕೆಂಚವ್ವ ಕೈ ಒರೆಸುತ್ತ ಹೊರಬಂದಳು. ಕಣ್ಣು ತುಂಬಿತ್ತು.

"ತಾಯಿ ಮಗು ಉಳಿದ್ವೋ ಇಲ್ಲೋ, ಮೊದಲು ಅದನ್ನ ಕೇಳ್ರಿ."

ಮಂತ್ರಿ ತಲೆ ತಗ್ಗಿಸಿ, ಅದನ್ನೇ ಕೇಳಿದ. "ಇಬ್ಬರೂ ಉಳಿದಾರ್ರಿ," ಅಂದಳು ಕೆಂಚವ್ವ.

ನೋಡಿದಿರಾ ಮಕ್ಕಳೇ? ಇನ್ನೊಬ್ಬರನ್ನು ಹೊರಗಿಡಲು ಬಾಗಿಲು ಮಾಡಿಸಿದವರು ಒಂದು ದಿನ ಅದೇ ಬಾಗಿಲ ಹೊರಗೆ ನಿಲ್ಲುತ್ತಾರೆ. ಬಂದವರು ಯಾರೆಂದು ಅವರೇ ಹೇಳಲಿ. ನೀವು ದಾರಿ ಬಿಡಿ.