ತಂಗೆವ್ವ ಎಬ್ಬಿಸಿದ ಹೊಳಿಗಲ್ಲು

ಭಾಳ ಹಿಂದಿನ ಮಾತು. ಯಾವ ಕಾಲ ಅಂತ ಕೇಳಬ್ಯಾಡ್ರಿ, ನನಗ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಈ ನಮ್ಮ ಹರಗೋಲಪ್ಯಾಟಿಯೊಳಗ ತಂಗೆವ್ವ ಅಂತ ಒಬ್ಬಾಕಿ ಗೌಡತಿ ಇದ್ದಳಂತ. ಗಂಡ ತೀರಿಕೊಂಡ ಮ್ಯಾಲ ಊರ ಗೌಡಕಿ ಆಕಿ ಕೈಯಾಗ ಇತ್ತಂತ.

ಹೊಳಿ ದಂಡಿಮ್ಯಾಲ ಒಂದು ಕಲ್ಲಿತ್ತು. ಹೊಳಿಗಲ್ಲು ಅಂತಿದ್ದರು. ಅದರ ಕೆಳಗ ಯಾರೂ ಮನಿ ಕಟ್ಟಬಾರದು. ನೀರು ಬಂದು ಕಲ್ಲಿಗೆ ಹಚ್ಚಿದ ಅರಿಸಿಣ ತೊಯ್ತಂದ್ರ ಗೌಡರ ಮನಿಯವರು ಡಂಗುರ ಹೊಡಿಸಬೇಕು, ಮಂದಿ ಗುಡ್ಡ ಹತ್ತಬೇಕು. ಹಿರಿಯರು ಹಾಕಿಕೊಟ್ಟ ಕಟ್ಟಳೆ ಅದು.

ಆದರ ಹೊಳಿ ಎಲ್ಲಿ ಸುಮ್ಮನಿರತೈತ್ರಿ? ವರ್ಷಾ ವರ್ಷಾ ದಂಡಿ ಕೊರಕೊಂತ ಊರ ಹಿಂದಕ್ಕ ಹೊಳ್ಳಿತು. ಎಲ್ಲಾರೂ ಕಂಡ್ರು, ಎಲ್ಲಾರೂ ಸುಮ್ಮನಿದ್ರು. ಕಲ್ಲು ಇದ್ದಲ್ಲೇ ಇತ್ತು. ಪೂಜಿ ಆದ ಕಲ್ಲು, ಮುಟ್ಟೋರು ಯಾರು?

ಒಂದು ಮಳಿಗಾಲದಾಗ ನೀರು ಊರ ಹಿಂಬದಿಯಿಂದ ಬಂತಂತ. ಮಂದಿ ಗೌಡತಿ ಮನಿಗೆ ಓಡಿ ಬಂದ್ರು. ತಂಗೆವ್ವ ಹೋಗಿ ಕಲ್ಲು ಮುಟ್ಟಿ ನೋಡಿದಳು. ಅರಿಸಿಣ ಒಣಗೇ ಇತ್ತು. ಇನ್ನೂ ಹೊತ್ತು ಐತಿ ಅಂದಳಂತ. ಡಂಗುರ ಹೊಡಿಸೋದ್ರಾಗ ಹಿಂದಿನ ಓಣಿ ಮುಳುಗಿತ್ತು. ಸೂಲಗಿತ್ತಿ ನಿಂಬೆವ್ವ ಆ ನೀರಾಗ ಹೋದಳು. ತಂಗೆವ್ವನ ಮಗನ ಹೊಕ್ಕುಳಬಳ್ಳಿ ಕೊಯ್ದಾಕಿ ಆಕಿನೇ.

ನೀರು ಇಳೀತು. ತಂಗೆವ್ವ ಅರಿಸಿಣದ ಬಟ್ಟಲ ಹಿಡಕೊಂಡು ಓಣಿ ಓಣಿ ತಿರುಗಿದಳಂತ. ಗ್ವಾಡಿಮ್ಯಾಲ ಕೆಸರಿನ ಗೆರಿ ಎಲ್ಲೆಲ್ಲಿ ಮೂಡಿತ್ತೋ ಅಲ್ಲೆಲ್ಲಾ ಅರಿಸಿಣ ಹಚ್ಚಿದಳು. ಇನ್ನು ಮುಂದ ಇದೇ ಎಲ್ಲೆ, ಗೆರಿ ಮೂಡಿದ ಮನಿಯವರು ಮ್ಯಾಲ ಹೋಗಬೇಕು, ಕಲ್ಲೂ ಮ್ಯಾಲ ಹೋಗಬೇಕು ಅಂದಳಂತ. ಹಿರಿಯರ ಕಲ್ಲು ಕೀಳಾಕ ನೀ ಯಾರು ಅಂತ ಮಂದಿ ರೊಚ್ಚಿಗೆದ್ದರಂತ.

ಹಂಗ ತಿರುಗಿಕೊಂತ ಮಗ ಈರಭದ್ರ ಆಗಷ್ಟೇ ಕಟ್ಟಿಸಿದ ಹೊಸಮನಿಗೆ ಬಂದಳು. ಗೆರಿ ಅಲ್ಲೂ ಇತ್ತು. ಮಗ ಅಡ್ಡ ನಿಂತ.

"ಅವ್ವಾ, ಇದೊಂದು ಮನಿ ಬಿಡು."

"ಇದನ್ನ ಬಿಟ್ರ ಯಾವ ಮಾರಿ ಇಟಗೊಂಡು ಮಂದೀನ ಎಬ್ಬಿಸಲೋ?" ಅಂದಳಂತ ತಂಗೆವ್ವ. ಮಗನ್ನ ಬಾಜೂಕ ಸರಿಸಿದಳಂತ. ಆ ಗ್ವಾಡಿಗೂ ಅರಿಸಿಣ ಹಚ್ಚಿದಳಂತ.

ಮರುದಿನ ಬಡಿಗ್ಯಾರನ್ನ ಕರೆಸಿ ಮಗನ ಮನಿ ಬಾಗಿಲ ಚೌಕಟ್ಟನ್ನೇ ಮೊದಲು ಬಿಚ್ಚಿಸಿದಳು. ಆಮ್ಯಾಲ ಕಲ್ಲು ಎಬ್ಬಿಸಿ ಗೆರಿ ಇದ್ದಷ್ಟು ಎತ್ತರಕ್ಕ ನಿಲ್ಲಿಸಿದಳು. ಮಗನ ಮನಿನೇ ಮೊದಲು ಹೋದದ್ದು ಮಂದಿ ಕಂಡ್ರು. ಒಬ್ಬೊಬ್ಬರೇ ತಮ್ಮ ತಮ್ಮ ಬಾಗಿಲ ಬಿಚ್ಚಿಕೊಂಡು ಗುಡ್ಡದ ಮಗ್ಗಲಿಗೆ ಹೋದ್ರು. ಈರಭದ್ರ ಮಾತ್ರ ಹೆಂಡತೀನ ಕರಕೊಂಡು ಬೀಗರೂರಿಗೆ ಹೋದವ, ಅವ್ವ ಇರೋತನಕ ತಿರುಗಿ ಬರಲಿಲ್ಲ ಅಂತಾರ. ತಂಗೆವ್ವ ದಿನಾ ಊರ ಅಗಸಿ ಬಾಗಿಲ ಕಡೆ ನೋಡಕೊಂತ ಕೂಡತಿದ್ದಳಂತ.

ಆಕಿ ಸತ್ತ ಮ್ಯಾಲ ಹೊಳಿಗೆ ಇನ್ನೊಮ್ಮೆ ದೊಡ್ಡ ನೀರು ಬಂತು. ಹಳೇ ಓಣಿಗಳ ಜಾಗ ಎಲ್ಲಾ ಮುಳುಗಿತು. ಊರಾಗ ಒಂದು ಕೂಸೂ ಹೋಗಲಿಲ್ಲ. ಸುದ್ದಿ ಕೇಳಿ ಈರಭದ್ರ ಬಂದ. ತನ್ನ ಮನಿ ಇದ್ದಲ್ಲಿ ನೀರು ಸುಳಿ ತಿರುಗೋದು ನೋಡಿ, ಕಲ್ಲಿನ ಬುಡಕ್ಕ ಕುಂತು ಅತ್ತನಂತ. ಅವ್ವಾ ಅಂದ್ರ ಓ ಅನ್ನೋರು ಎಲ್ಲಿದ್ದರು?

ಇವತ್ತಿಗೂ ಹೊಳಿ ಇಳಿದ ಮ್ಯಾಲ ನಮ್ಮೂರಾಗ ನಿಂಬೆವ್ವನ ಹೆಸರು ಹೇಳಿ ಕೆಸರಿನ ಗೆರಿ ನೋಡತಾರ. ಗೆರಿ ಏರಿದ್ರ ಕಲ್ಲು ಏರತೈತಿ. ಗೌಡರ ಮನೆತನದವರ ಗ್ವಾಡಿಗೆ ಗೆರಿ ಬಿದ್ದಿದ್ರ ಮೊದಲ ಅರಿಸಿಣ ಅಲ್ಲೇ. ಹೋದ ಸಲ ನಮ್ಮ ಮನಿಗೂ ಹಚ್ಚಿದ್ರು. ಬೈದೆ, ಅತ್ತುಬಿಟ್ಟೆ. ಆಮ್ಯಾಲ ಬಾಗಿಲ ಬಿಚ್ಚಿ ಇಲ್ಲಿ ತಂದು ನಿಲ್ಲಿಸಿದ್ವಿ. ನೀವು ಈಗ ಬೆನ್ನು ಹಚ್ಚಿ ಕುಂತೀರಲ್ಲ, ಇದೇ ಚೌಕಟ್ಟು.