ಕುಂಕುಮ ಹಚ್ಚಿದ ಕಾಗದ

"ಗುರುಗಳೇ, ಮನೆಯವರ ನಡುವೆ ಕಾಗದ ಬಂದರೆ ನಂಬಿಕೆ ಹೋಯಿತು ಎಂದೇ ಅರ್ಥವಲ್ಲವೇ?" ಎಂದು ಮುರಿಗೆಪ್ಪ ಕೇಳಿದ.

ಮುರಿಗೆಪ್ಪನದು ಎಣ್ಣೆಯ ಗಿರಣಿ. ಅವನೂ ಅವನ ಅಣ್ಣನೂ ಪಾಲುದಾರರೆಂದು ನೋಂದಣಿ ಮಾಡಿಸಿ ನಡೆಸಿಕೊಂಡು ಬಂದದ್ದು. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅಣ್ಣನ ಜಾಗದಲ್ಲಿ ಈಗ ಅತ್ತಿಗೆ ಗಿರಣಿಗೆ ಬರುತ್ತಿದ್ದಳು. ಹೊಸದಾಗಿ ಪತ್ರ ಬರೆಸಿ ತನ್ನ ಹೆಸರನ್ನೂ ನೋಂದಣಿ ಮಾಡಿಸಬೇಕೆಂದು ಹಟ ಹಿಡಿದಿದ್ದಳು. ಮುರಿಗೆಪ್ಪನಿಗೆ ಅದು ಅವಮಾನವಾಗಿತ್ತು.

ಅಡವಯ್ಯ ಗುರುಗಳು ಎಲೆಗೆ ಸುಣ್ಣ ಹಚ್ಚಿ ಮಡಿಚಿ ಬಾಯಿಗಿಟ್ಟುಕೊಂಡರು. "ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಸುಣ್ಣಗಾರ, ಒಬ್ಬ ವ್ಯಾಪಾರಿ. ಸುಣ್ಣಗಾರನಿಗೆ ಬೆಂಕಿ ಗೊತ್ತು, ವ್ಯಾಪಾರಿಗೆ ಪೇಟೆ ಗೊತ್ತು. ಇಬ್ಬರೂ ಸೇರಿ ಒಂದು ಸುಣ್ಣದ ಭಟ್ಟಿ ಹಾಕಿದರು. ದಡ್ಡರೇನಲ್ಲ, ಪಾಲುದಾರಿಕೆ ಪತ್ರ ಬರೆಸಿದರು, ಕಚೇರಿಗೆ ಹೋಗಿ ನೋಂದಣಿಯನ್ನೂ ಮಾಡಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮಾಡಿದ್ದು ಕೇಳು. ಆ ನೋಂದಣಿಯ ಕಾಗದಕ್ಕೆ ಗಾಜು ಹಾಕಿಸಿ ಪಟ ಮಾಡಿಸಿದರು. ವ್ಯಾಪಾರಿಯ ದೇವರ ಮನೆಯಲ್ಲಿ ಲಕ್ಷ್ಮಿಯ ಪಕ್ಕದಲ್ಲೇ ತೂಗುಹಾಕಿದರು. ಶುಕ್ರವಾರಕ್ಕೆ ಹೂವು, ಅಮಾವಾಸ್ಯೆಗೆ ಕಾಯಿ, ದೀಪಾವಳಿಗೆ ಆರತಿ! ಗಾಜಿನ ಮೇಲೆ ಅರಿಸಿನ ಕುಂಕುಮ ಮೆತ್ತಿ ಮೆತ್ತಿ ಒಳಗೇನು ಬರೆದಿದೆ ಎಂಬುದು ಯಾರಿಗೂ ಕಾಣದಾಯಿತು. ಕಾಣಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಸುಣ್ಣಗಾರ ಜ್ವರ ಬಂದು ಸತ್ತ. ಹದಿಮೂರು ದಿನ ಕಳೆದ ಮೇಲೆ ಅವನ ಹೆಂಡತಿ ಭಟ್ಟಿಯ ಮುಂದೆ ಬಂದು ನಿಂತಳು. ಗಂಡ ಇದ್ದಾಗಲೂ ಉರಿಯ ಬಣ್ಣ ನೋಡಿ ಕಲ್ಲು ಬೆಂದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ಅವಳೇ. ಹಾಗಾಗಿ ಕೆಲಸ ನಿಲ್ಲಲಿಲ್ಲ. ವ್ಯಾಪಾರಿಯೂ ಕೆಟ್ಟವನಲ್ಲ. ಅವಳ ಗಂಡನಿಗೆ ಸಲ್ಲುತ್ತಿದ್ದ ಪಾಲನ್ನು ತಪ್ಪದೆ ಮನೆಗೆ ಮುಟ್ಟಿಸುತ್ತಿದ್ದ.

ಹೀಗೇ ಐದು ವರ್ಷ ನಡೆಯಿತು. ಒಂದು ದಿನ ಸುಣ್ಣ ಕೊಳ್ಳಲು ಬಂದ ಗುತ್ತಿಗೆದಾರನೊಬ್ಬ, ಭಟ್ಟಿ ಯಾರದು ಎಂದು ವಿಚಾರಿಸಿದ. "ನನ್ನದೇ" ಎಂದ ವ್ಯಾಪಾರಿ. "ಈಕೆ ನಮ್ಮ ಸುಣ್ಣಗಾರನ ಹೆಂಡತಿ, ಪಾಪ. ನಾನೇ ನೋಡಿಕೊಳ್ಳುತ್ತಿದ್ದೇನೆ."

ಅವಳು ಸಲಾಕೆ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಮೈಯೆಲ್ಲ ಉರಿಯಿತು. ಐದು ವರ್ಷ ಹೊಗೆ ಕುಡಿದವಳು ನಾನು, ನನ್ನನ್ನು ಇವನು ನೋಡಿಕೊಳ್ಳುತ್ತಿದ್ದಾನಂತೆ! ಇವತ್ತೇನೋ ಒಳ್ಳೆಯವನು. ನಾಳೆ ಇವನ ಮನಸ್ಸು ತಿರುಗಿದರೆ? ಇವನೇ ಇಲ್ಲವಾದರೆ? ಭಟ್ಟಿಗೆ ನೀನ್ಯಾರು ಎಂದು ಕೇಳಿದವರಿಗೆ ನಾನು ಏನು ತೋರಿಸಲಿ? ಗುತ್ತಿಗೆದಾರ ಆಚೆ ಹೋದದ್ದೇ ತಡ, ಕೇಳಿಯೇಬಿಟ್ಟಳು.

"ಅಣ್ಣಾ, ಕಾಗದದಲ್ಲಿ ನನ್ನ ಹೆಸರು ಬರೆಸಿ."

"ಅಯ್ಯೋ ತಂಗಿ, ನಿನಗೆ ನಾನು ಏನು ಕಡಿಮೆ ಮಾಡಿದ್ದೇನೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ ಮಾತು ಇದೆಯಲ್ಲ, ಸಾಲದೇ? ಪೂಜೆಗೆ ಇಟ್ಟದ್ದನ್ನು ಗೋಡೆಯಿಂದ ಇಳಿಸಬಾರದು."

ದೀಪಾವಳಿ ಬಂತು. ವ್ಯಾಪಾರಿಯ ಮನೆಯಲ್ಲಿ ಪೂಜೆಗೆ ಊರಿನ ನಾಲ್ಕು ಜನ ಸೇರಿದ್ದರು. ಗಂಡ ಸತ್ತವಳೆಂದು ಅವಳನ್ನು ಪ್ರತಿವರ್ಷದಂತೆ ದೇವರ ಮನೆಯ ಹೊಸ್ತಿಲಾಚೆ ನಿಲ್ಲಿಸಿದ್ದರು. ವ್ಯಾಪಾರಿಯ ಹೆಂಡತಿ ಆರತಿ ತಟ್ಟೆ ಎತ್ತುವ ಹೊತ್ತಿಗೆ ಅವಳು ಹೊಸ್ತಿಲು ದಾಟಿದಳು. ಯಾರನ್ನೂ ಕೇಳಲಿಲ್ಲ. ಸೀದಾ ಹೋಗಿ ಕಾಗದದ ಪಟವನ್ನು ಇಳಿಸಿ ಸೆರಗಿನಿಂದ ಕುಂಕುಮ ಒರೆಸಿದಳು.

"ಅಯ್ಯಯ್ಯೋ, ಲಕ್ಷ್ಮಿಯನ್ನು ಮುಟ್ಟಿಬಿಟ್ಟಳು!" ಎಂದು ವ್ಯಾಪಾರಿಯ ಹೆಂಡತಿ ಕೂಗಿದಳು.

"ಇದು ಲಕ್ಷ್ಮಿಯಲ್ಲ, ಕಾಗದ. ಓದುವುದಕ್ಕೆ ಇರುವುದು" ಎಂದು ಅವಳು ಎಲ್ಲರಿಗೂ ಕೇಳುವಂತೆ ಓದಿದಳು. ಎರಡು ಹೆಸರುಗಳಿದ್ದವು. "ಇದರಲ್ಲಿ ಒಬ್ಬರು ಸತ್ತು ಐದು ವರ್ಷವಾಯಿತು. ಇನ್ನೊಬ್ಬರು ಇದನ್ನು ಓದಿ ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು. ನನ್ನ ಹೆಸರು ಬರುವವರೆಗೆ ಭಟ್ಟಿಗೆ ಬೆಂಕಿ ಹಾಕುವುದಿಲ್ಲ."

ಪಟವನ್ನು ವ್ಯಾಪಾರಿಯ ಕೈಗೆ ಕೊಟ್ಟು ಹೊರಟುಹೋದಳು. ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎಷ್ಟು ಸೊಕ್ಕು ಇವಳಿಗೆ ಅಂದರು. ಸೊಕ್ಕೇ ಅನ್ನು, ದುಡಿದವಳಿಗೆ ಅಷ್ಟೂ ಇರಬಾರದೇ?

ವ್ಯಾಪಾರಿಗೆ ಕೋಪ ನೆತ್ತಿಗೇರಿತು. ಬೇರೆ ಊರಿನಿಂದ ಒಬ್ಬ ಸುಣ್ಣಗಾರನನ್ನು ಕರೆಸಿದ. ಅವಳು ಭಟ್ಟಿಯ ಬಾಯಿಗೆ ಅಡ್ಡವಾಗಿ ಕೂತಳು. ಬಿಸಿಲು ಏರಿದರೂ ಏಳಲಿಲ್ಲ, ಬುತ್ತಿಯನ್ನೂ ಅಲ್ಲೇ ಬಿಚ್ಚಿದಳು. ಬಂದ ಸುಣ್ಣಗಾರ ಒಂದು ಗಳಿಗೆ ನಿಂತು ನೋಡಿ, "ಹೆಣ್ಣುಮಗಳ ಅನ್ನಕ್ಕೆ ನಾನು ಕೈ ಹಾಕಲಾರೆ" ಎಂದು ಬಂದ ದಾರಿ ಹಿಡಿದ. ಅವಳನ್ನು ಅಲ್ಲಿಂದ ಎಬ್ಬಿಸಲೇಬೇಕೆಂದು ವ್ಯಾಪಾರಿ ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ವಕೀಲರ ಹತ್ತಿರ ಓಡಿದ.

ವಕೀಲರು ಓದಿ ನಕ್ಕರು. "ಯಜಮಾನರೇ, ಪಾಲುದಾರರು ಇಬ್ಬರೇ. ಅವರಲ್ಲಿ ಒಬ್ಬ ಸತ್ತ ದಿನವೇ ಪಾಲುದಾರಿಕೆಯೂ ಮುಗಿಯಿತು. ಇಲ್ಲದ ಸಂಸ್ಥೆಯ ಹೆಸರಿನಲ್ಲಿ ಯಾರ ಮೇಲೆ ದಾವೆ ಹಾಕುತ್ತೀರಿ? ಸತ್ತವನ ಪಾಲಿಗೆ ಆಕೆಯೇ ವಾರಸುದಾರಳು, ಹಕ್ಕಿನಿಂದಲೇ ಕೂತಿದ್ದಾಳೆ. ಐದು ವರ್ಷ ನೀವು ಆರತಿ ಎತ್ತಿದ್ದು ಹೆಣಕ್ಕೆ."

ಭಟ್ಟಿ ನನ್ನದೇ ಎಂದು ಹೇಳಿಕೊಂಡು ತಿರುಗಿದವನ ಕೈಯಲ್ಲೂ ತೋರಿಸಲು ಏನೂ ಇರಲಿಲ್ಲ ನೋಡು! ಅವನಿಗೆ ನಾಚಿಕೆಯಾಯಿತು. ಸಂಜೆ ಭಟ್ಟಿಗೆ ಬಂದ. ಅವಳು ಇನ್ನೂ ಅಲ್ಲೇ ಕೂತಿದ್ದಳು.

"ಏಳು ತಂಗಿ, ಹೊಸ ಪತ್ರ ಬರೆಸೋಣ" ಎಂದ.

"ಬರೆಸೋಣ. ಅದರಲ್ಲಿ ತಂಗಿ ಎಂದು ಬರೆಸಬೇಡಿ, ಪಾಲುದಾರಳು ಎಂದು ಬರೆಸಿ" ಎಂದಳು.

ಹಾಗೆಯೇ ಬರೆಸಿದರು, ನೋಂದಣಿಯೂ ಆಯಿತು. ಆ ಕಾಗದಕ್ಕೆ ಗಾಜು ಹಾಕಿಸಲು ಅವಳು ಬಿಡಲಿಲ್ಲ. ವರ್ಷಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಅದು ಅವಳ ಕಟ್ಟಪ್ಪಣೆ. ಮುಂದೆ ಭಟ್ಟಿ ಬೇರೆ ಜಾಗಕ್ಕೆ ಹೋದಾಗಲೂ, ವ್ಯಾಪಾರಿಯ ಅಳಿಯ ಪಾಲುದಾರನಾಗಿ ಸೇರಿದಾಗಲೂ ಅವಳು ಆ ವಾರವೇ ಕಚೇರಿಗೆ ಹೋಗಿ ತಿಳಿಸಿ ಬರೆಸಿಕೊಂಡು ಬಂದಳು. ಸುಣ್ಣಗಾರ್ತಿಗೆ ಕಾಗದದ ಹುಚ್ಚು ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ. ಭಟ್ಟಿ ಯಾರದು ಎಂದು ಯಾರಾದರೂ ಕೇಳಿದರೆ ವ್ಯಾಪಾರಿ ಈಗ "ನಮ್ಮದು" ಅನ್ನುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. ಅವನ ಮುಖ ಕೆಂಪಾಗಿತ್ತು.

"ಆ ವ್ಯಾಪಾರಿಯ ಮಾತು ಬೇರೆ, ಗುರುಗಳೇ. ಅವನು ಭಟ್ಟಿ ನನ್ನದು ಅಂದ. ನಾನು ಒಂದು ದಿನವೂ ಹಾಗೆ ಅಂದವನಲ್ಲ. ಅತ್ತಿಗೆಯನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತಿದ್ದೇನೆ. ನನ್ನನ್ನು ನಂಬಿಕೊಂಡು ಆಕೆ ಇರಲಾರಳೇ?"

"ಹಾಗಾದರೆ ಗಿರಣಿಯ ಕಾಗದದಲ್ಲಿ ಅತ್ತಿಗೆಯ ಹೆಸರೊಂದೇ ಇರಲಿ ಮುರಿಗೆಪ್ಪ, ಆಕೆಯನ್ನು ನಂಬಿಕೊಂಡು ನೀನು ಇರು."