ಅರವತ್ತೊಂದನೆಯ ಮನೆ

ದಾಕ್ಷಾಯಣಿ ಎಂಬ ಹುಡುಗಿ ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕಡೆಯ ವರ್ಷ ಒಂದು ಊರಿನಲ್ಲಿದ್ದು, ಜನರ ಬದುಕು ನೋಡಿ ಪ್ರಬಂಧ ಬರೆಯಬೇಕಿತ್ತು. ಬರೆದರೆ ಪದವಿ. ಇಲ್ಲದಿದ್ದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅವಳು ಆರಿಸಿಕೊಂಡ ವಿಷಯ ಬಹಿಷ್ಕಾರ. ಒಂದು ಊರವರು ಗುರವ್ವ ಎಂಬ ವಿಧವೆಯನ್ನು ಹೊರಗಿಟ್ಟಿದ್ದರು. ತಪ್ಪೇನು ಅಂತೀರಾ? ಬೇರೆ ಜಾತಿಯವನನ್ನು ಮದುವೆಯಾದ ಮಗಳು ಗಂಡನ ಜೊತೆ ಬಂದಾಗ, ಒಳಗೆ ಕರೆದು ಹೋಳಿಗೆ ಬಡಿಸಿದ್ದು. ಅಷ್ಟೇ! ಅಂದಿನಿಂದ ಅವಳೊಡನೆ ಯಾರೂ ಮಾತಾಡುವ ಹಾಗಿಲ್ಲ, ಕೊಡುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ.

ಹೊರಡುವಾಗ ಗುರುಗಳಾದ ಬೆಳವಡಿಯವರು ಹೇಳಿದರು: "ನೋಡು ತಂಗಿ, ನೀ ಹೊಂಟಿದ್ದು ನೋಡ್ಲಿಕ್ಕೆ. ಯಾರ ಪಕ್ಷಾನೂ ಹಿಡೀಬ್ಯಾಡ."

ಈ ಮಾತನ್ನು ದಾಕ್ಷಾಯಣಿ ಸೆರಗಿಗೆ ಗಂಟು ಹಾಕಿಕೊಂಡಳು. ಊರ ಗೌಡರ ಮನೆಯಲ್ಲೇ ಉಳಿದಳು. ಗುರವ್ವನ ಮನೆಗೆ ಹೋಗಲು ಗೌಡರು ಒಪ್ಪಿದರು, ಒಂದು ಷರತ್ತಿನ ಮೇಲೆ: "ಕೇಳೂದು ಕೇಳಿ ಬಾರವಾ. ಆದ್ರ ಆಕಿ ಮನ್ಯಾಗ ನೀರೂ ಕುಡೀಬ್ಯಾಡ." ಹುಡುಗಿ ಹಾಗೇ ನಡೆದುಕೊಂಡಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಒಂದು ದಿನ ಗುರವ್ವ ಜೋಳದ ಬುಟ್ಟಿ ಮುಂದಿಟ್ಟಳು. "ಯವ್ವಾ, ಗಿರಣಿಯವ ನನ್ನ ಜ್ವಾಳ ಮುಟ್ಟವಲ್ಲ. ಬೀಸೂಕಲ್ಲು ತಿರುವಾಕ ರಟ್ಟ್ಯಾಗ ಶಕ್ತಿ ಇಲ್ಲ. ನಿಂದಂತ ಹೇಳಿ ಬೀಸಿಸ್ಕೊಂಡು ಬಾ."

ದಾಕ್ಷಾಯಣಿ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. ಗೊತ್ತಾದರೆ ಗೌಡರು ಗಂಟುಮೂಟೆ ಹೊರಗೆಸೆಯುತ್ತಾರೆ. ಆಮೇಲೆ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಪ್ರಬಂಧ ಅರ್ಧಕ್ಕೇ ನಿಲ್ಲುತ್ತದೆ.

"ದೊಡ್ಡವ್ವಾ, ನಾ ಓದಾಕ ಬಂದಾಕಿ. ಯಾರ ಕಡೀನೂ ಸೇರೂ ಹಂಗಿಲ್ಲ."

ಗುರವ್ವ ಸಿಟ್ಟು ಮಾಡಲಿಲ್ಲ. ಒಂದು ಹಿಡಿ ಜೋಳ ಹಾಗೇ ಕುದಿಸಿಕೊಂಡು ತಿನ್ನುತ್ತಾ ಕುಳಿತಳು. ಹುಡುಗಿ ತನ್ನ ಪ್ರಶ್ನೆಗೆ ಬಂದಳು: "ನಿಮ್ಮನ್ನ ಯಾರ್ಯಾರು ಹೊರಗಿಟ್ಟಾರ?"

"ಗಿರಣಿಯವ, ಕಿರಾಣಿ ಅಂಗಡಿಯವ, ಹಾಲಿನಾಕಿ, ಬಾಜೂ ಮನಿ ಗೆಳತಿ..." ಗುರವ್ವ ಬೆರಳು ಮಡಚುತ್ತಾ ಹೋದಳು. ಊರಿನ ಅರವತ್ತು ಮನೆಗಳೂ ಮುಗಿದವು. ಆಮೇಲೆ ಇನ್ನೊಂದು ಬೆರಳು ಮಡಚಿದಳು. "ಮತ್ತ ನೀನು, ತಂಗಿ."

"ನಾನಾ? ನಾ ದಿನಾ ಬಂದು ಮಾತಾಡಸ್ತೀನಲ್ಲ!"

"ಮಾತಾಡಸ್ತಿ, ಖರೇ. ಒಂದು ಗುಟುಕು ನೀರು ಕುಡದಿ ಏನು? ಒಂದು ಬುಟ್ಟಿ ಹೊತ್ತಿ ಏನು? ಅವ್ರೂ ಗೌಡನ ಮಾತು ಕೇಳಿದ್ರು, ನೀನೂ ಕೇಳಿದಿ. ಫರಕೇನೈತಿ?"

ಹುಡುಗಿಗೆ ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎದ್ದು ಹೋದಳು.

ಮರುದಿನ ಬೆಳಗ್ಗೆ ಅವಳೇ ಬಂದು, ಆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಊರ ನಡುಬೀದಿಯಲ್ಲೇ ಗಿರಣಿಗೆ ನಡೆದಳು.

"ಯಾರ ಜ್ವಾಳ?" ಎಂದ ಗಿರಣಿಯವ. ಒಂದು ಸುಳ್ಳು ಹೇಳಿದ್ದರೆ ಬೀಸಿಕೊಡುತ್ತಿದ್ದ.

"ಗುರವ್ವಂದು."

ಗಿರಣಿಯವ ಬುಟ್ಟಿ ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ದಾಕ್ಷಾಯಣಿಯ ಚೀಲ ಗೌಡರ ಅಂಗಳಕ್ಕೆ ಬಂದು ಬಿತ್ತು. ಅವಳು ಜೋಳದ ಬುಟ್ಟಿಯ ಜೊತೆ ಅದನ್ನೂ ಎತ್ತಿಕೊಂಡು ನೆಟ್ಟಗೆ ಗುರವ್ವನ ಮನೆಗೆ ಹೋದಳು. ಮೊದಲು ನೀರು ಕೇಳಿ ಕುಡಿದಳು. ಆಮೇಲೆ ಇಬ್ಬರೂ ಬೀಸುಕಲ್ಲಿನ ಮುಂದೆ ಎದುರುಬದುರು ಕುಳಿತರು. ಒಬ್ಬಳ ರಟ್ಟೆಗೆ ತಿರುಗದ ಕಲ್ಲು ಇಬ್ಬರ ಕೈಗೆ ತಿರುಗಿತು. ಅಂದು ಸಂಜೆ ಗುರವ್ವನ ಒಲೆಯ ಮೇಲೆ ರೊಟ್ಟಿ ಬೆಂದವು.

ಬಹಿಷ್ಕಾರ ಮುರಿಯಿತೇ? ಇಲ್ಲಪ್ಪಾ, ಅದು ಅಷ್ಟು ಸುಲಭವಲ್ಲ. ಊರವರು ಹುಡುಗಿಗೂ ಬಾಗಿಲು ಹಾಕಿದರು. ಅವಳು ಕಂಡಷ್ಟನ್ನೇ ಬರೆದು ಪ್ರಬಂಧ ಒಪ್ಪಿಸಿದಳು.

ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪರೀಕ್ಷಕರು ಪುಟ ತಿರುವಿ ಹುಬ್ಬು ಗಂಟಿಕ್ಕಿದರು. "ಗುರವ್ವನ ಮನೆ ಬಿಟ್ಟರೆ ಊರಲ್ಲಿರೋದು ಅರವತ್ತೇ ಮನೆ. ಆಕೆಯನ್ನ ಹೊರಗಿಟ್ಟ ಮನೆ ಅರವತ್ತೊಂದು ಅಂತ ಬರೆದಿದ್ದೀರಿ. ಲೆಕ್ಕ ತಪ್ಪಿದೆಯಲ್ಲ?"

ಬೆಳವಡಿಯವರು ಮುಜುಗರದಿಂದ ತಲೆ ತಗ್ಗಿಸಿದರು. ದಾಕ್ಷಾಯಣಿ ತಗ್ಗಿಸಲಿಲ್ಲ.

"ಲೆಕ್ಕ ಸರಿ ಇದೆ ಸರ್. ಅರವತ್ತೊಂದನೆಯದು ನಾನು."

ಪ್ರಬಂಧ ಅರೆಬರೆಯಾಗಿತ್ತೆಂದು ಅಂಕ ಕಡಿಮೆಯೇ ಬಂತು. ಆದರೆ ಆ ಲೆಕ್ಕವನ್ನು ತಿದ್ದು ಎಂದು ಯಾರೂ ಹೇಳಲಿಲ್ಲ.

ನೀತಿ: ಅನ್ಯಾಯ ಮಾಡಿದವರನ್ನು ಎಣಿಸುವಾಗ, ಸುಮ್ಮನೆ ನಿಂತು ನೋಡಿದ ನಮ್ಮನ್ನೂ ಸೇರಿಸಿಯೇ ಎಣಿಸಬೇಕು.